ಮಾಳಮ್ಮ ತೊಳೆದ ಬೋಟಿ

ಕುರಿ ಕುಯ್ದ ಮನೆಯಲ್ಲಿ ಬೋಟಿ ತೊಳೆಯುವ ಪಾಡು ಯಾವತ್ತೂ ಹೆಂಗಸರದ್ದೇ. ಹೊಸಹಳ್ಳಿ ಸೀಮೆಯ ಮಾಳಮ್ಮ ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷವೂ ಅದನ್ನೇ ಮಾಡಿದ್ದಳು. ಗಂಡಸರು ತೊಗಲು ಸುಲಿದು, ಮಾಂಸ ಪಾಲು ಹಾಕಿ, ಬೀಡಿ ಹಚ್ಚುವರು. ಹೊಲಸು ತುಂಬಿದ ಕರುಳಿನ ಬುಟ್ಟಿ ಅವಳ ಮುಂದೆ ಬರುವುದು. ಅವಳು ಕಡ್ಡಿ ತೂರಿಸಿ ಕರುಳಿನ ಒಳಮೈ ಹೊರಗೆ ತಿರುವಿ, ಸುಣ್ಣ ಹಚ್ಚಿ ಉಜ್ಜಿ, ಏಳು ನೀರಿನಲ್ಲಿ ತೊಳೆಯುವಳು. ಕುರಿಯ ಹೊಟ್ಟೆಯೊಳಗನ್ನು ಅವಳಷ್ಟು ಬಲ್ಲವರು ಊರಲ್ಲೇ ಇರಲಿಲ್ಲ. ಆದರೆ ಕೇಳುವವರು ಯಾರು? ಹೆಂಗಸಿನ ಮಾತು, ಅದೂ ಬೋಟಿ ತೊಳೆಯುವವಳ ಮಾತು!

ತೊಂಬತ್ತೆಂಟರಲ್ಲಿ ಕೆರೆ ತುಂಬಿತ್ತು. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳ ಮೈಯನ್ನು ಕೆರೆಯಲ್ಲಿ ತೊಳೆದು, ಒಣಗುವ ತನಕ ದಂಡೆಯಲ್ಲೇ ಮೇಯಲು ಬಿಡುವುದು ಅವರ ಪದ್ಧತಿ. ನೀರು ಹಿಂದೆ ಸರಿದಲ್ಲೆಲ್ಲ ಹಸಿರು ಗರಿಕೆ, ಗರಿಕೆಯ ಬುಡದಲ್ಲಿ ಸಣ್ಣ ಸಣ್ಣ ಬಸವನಹುಳು. ಹಿಂಡಿನ ಯಜಮಾನನಾದ ಅವಳ ಭಾವ ಓಬಳೇಶಪ್ಪ ಎರಡು ದಿನ ಸಾಕಾಗುವ ಕಡೆ ಹತ್ತು ದಿನ ಮೇಯಿಸಿದ. ಪುಕ್ಕಟೆ ಹಸಿರು ಯಾರಿಗೆ ಬೇಡ?

ತಿಂಗಳೊಳಗೆ ಕುರಿಗಳಿಗೆ ನೀರಿನಂಥ ಭೇದಿ ಹತ್ತಿತು. ಹಟ್ಟಿಯ ಹತ್ತಿರ ಸುಳಿಯಲಾಗದ ನಾತ, ಗದ್ದದ ಕೆಳಗೆ ಬಾವು. ಇನ್ನೇನು ಸಾಯುತ್ತದೆ ಅನ್ನಿಸಿದ ಒಂದನ್ನು ಕುಯ್ದರು. ಓಬಳೇಶಪ್ಪ ಅದರ ಯಕೃತ್ತನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ. ಹುಳ ಬಿದ್ದರೆ ಅಲ್ಲೇ ಬೀಳಬೇಕು ಎಂಬುದು ಅವನಪ್ಪನ ಕಾಲದ ಶಾಸ್ತ್ರ.

“ಕಲೇಜಿ ಕನ್ನಡಿ ಹಂಗ ಐತಿ. ಹುಳದ ರೋಗ ಅಲ್ಲ ಇದು. ದೇವ್ರಿಗೆ ಏನೋ ತಪ್ಪಾಗೈತಿ.”

ಅತ್ತ ಮಾಳಮ್ಮನ ಕೈ ನಿಂತಿತ್ತು. ಹೊಟ್ಟೆಗೆ ಹತ್ತಿದ ಮೊದಲ ಗೇಣು ಕರುಳಿನಲ್ಲಿ ನುಚ್ಚಿನಷ್ಟು ಸಣ್ಣ, ನಸುಗೆಂಪು ಹುಳಗಳು ಕಚ್ಚಿಕೊಂಡಿದ್ದವು. ಸುಣ್ಣ ಹಚ್ಚಿ ಉಜ್ಜಿದರೂ ಬಿಡವು.

“ಭಾವಾರ, ಇಲ್ಲಿ ನೋಡ್ರಿ. ಹುಳ ಕರುಳಾಗ ಅದಾವು.”

“ಬೋಟಿ ತೊಳಿಯಾಕಿ ಡಾಕ್ಟರ್ಕಿ ಮಾಡಾಕ ಬಂದಾಳ ನೋಡ್ರಲೇ!” ಎಂದು ಓಬಳೇಶಪ್ಪ ನಕ್ಕ. ಸುತ್ತ ಇದ್ದವರೂ ನಕ್ಕರು. ಗಂಡ ಮಾರಣ್ಣನೂ ನಕ್ಕ. ಅವಳಿಗೆ ಹೊಟ್ಟೆ ಉರಿದದ್ದು ಅದಕ್ಕೇ.

ದನದ ಡಾಕ್ಟರು ಅರುಣಕುಮಾರ್ ಬಂದರು. ಮೋಟಾರ್ ಸೈಕಲ್ಲಿನಿಂದ ಇಳಿಯದೆಯೇ, “ಕುಯ್ದಾಗ ಹುಳ ಕಂಡಿತ್ತಾ?” ಎಂದು ಓಬಳೇಶಪ್ಪನನ್ನು ಕೇಳಿದರು.

“ಒಂದೂ ಇಲ್ರಿ ಸಾಹೇಬ್ರ.”

ಅಷ್ಟಕ್ಕೇ ಭೇದಿ ನಿಲ್ಲುವ ಪುಡಿ ಕೊಟ್ಟು ಹೊರಟರು. ಮೂರು ಮಾರು ದೂರದಲ್ಲಿ ನಿಂತಿದ್ದ ಮಾಳಮ್ಮನತ್ತ ಅವರ ಕಣ್ಣು ಕೂಡ ಹಾಯಲಿಲ್ಲ. ಈ ಒಂದು ವಿಷಯದಲ್ಲಿ ಓದಿದವರೂ ಓದದವರೂ ಒಂದೇ ತಾಯಿಯ ಮಕ್ಕಳು. ಎರಡು ವಾರದಲ್ಲಿ ಅರವತ್ತು ಕುರಿಗಳಲ್ಲಿ ಹತ್ತೊಂಬತ್ತು ಹೋದವು. ಅವಳು ಕೈಯಾರೆ ಹಾಲು ಕುಡಿಸಿ ಬೆಳೆಸಿದ ಮರಿಗಳೂ ಅದರಲ್ಲಿದ್ದವು.

ಇಪ್ಪತ್ತನೆಯದನ್ನು ಕುಯ್ದ ದಿನ ಮಾಳಮ್ಮ ಬೋಟಿ ತೊಳೆಯಲಿಲ್ಲ. ಹೊಲಸು ಸಮೇತ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು, ಒಂದು ಹರದಾರಿ ನಡೆದು, ಡಾಕ್ಟರ ಮೇಜಿನ ಮೇಲೆ ಸುರಿದಳು. ಅವರು ಮೂಗು ಮುಚ್ಚಿಕೊಂಡೇ ಬಗ್ಗಿದರು. ನೋಡುತ್ತ ನೋಡುತ್ತ ಮೂಗು ಮುಚ್ಚಿದ ಕೈ ತಾನಾಗಿ ಕೆಳಗಿಳಿಯಿತು.

“ಇದನ್ನ ಮೊದ್ಲೇ ಹೇಳಬಾರ್ದೇನಮ್ಮಾ?”

“ನೀವು ಕೇಳಿದ್ರೇನ್ರಿ? ನಾ ಅಲ್ಲೇ ನಿಂತಿದ್ನಲ್ರಿ!”

ಮಾರನೆಯ ದಿನವೇ ಡಾಕ್ಟರು ಬೇರೆ ಔಷಧಿ ತಂದು ಎಲ್ಲ ಕುರಿಗಳಿಗೂ ಕುಡಿಸಿದರು. ಬಸವನಹುಳುವಿನಿಂದ ಹುಲ್ಲಿಗೆ ಹತ್ತಿ, ಕುರಿಯ ಕರುಳಿಗೆ ಬೀಳುವ ಹುಳ ಇದು ಎಂದು ಹೇಳಿ ಕೆರೆ ದಂಡೆಯ ಮೇವು ಬಿಡಿಸಿದರು. ಉಳಿದ ನಲವತ್ತರಲ್ಲಿ ಮೂವತ್ತೇಳು ಚೇತರಿಸಿಕೊಂಡವು.

ಆ ಸಂತೋಷಕ್ಕೆ ಓಬಳೇಶಪ್ಪ ಟಗರು ಕುಯ್ಯಿಸಿ ಊಟ ಹಾಕಿಸಿದ. ಮಾಳಮ್ಮ ನೂಲು ತೆಗೆದಿದ್ದ ಹೊಸ ಕಂಬಳಿಯನ್ನು ಡಾಕ್ಟರ ಹೆಗಲಿಗೆ ಹೊದಿಸಿ, “ಸಾಹೇಬ್ರ ಕಣ್ಣು ಭಾಳ ಚುರುಕು. ಹುಳ ಹಿಡದೇ ಬಿಟ್ರು!” ಎಂದ. ಡಾಕ್ಟರು ಕೆಮ್ಮಿದರೇ ಹೊರತು ಅಲ್ಲ ಅನ್ನಲಿಲ್ಲ. ಒಂದು ಮಾತು ಆಡಿದ್ದರೆ ಅವರಪ್ಪನ ಗಂಟೇನು ಹೋಗುತ್ತಿತ್ತು?

ಹಿತ್ತಿಲಿಗೆ ಬಂದಿದ್ದ ಬೋಟಿ ಬುಟ್ಟಿಯನ್ನು ಮಾಳಮ್ಮ ಎತ್ತಿಕೊಂಡು ಹೋಗಿ, ಎಲ್ಲರ ನಡುವೆ ಭಾವನ ಕಾಲ ಬಳಿ ಇಟ್ಟಳು.

“ಇನ್ನ ಮ್ಯಾಲ ನೀವ ತೊಳ್ಕೋರಿ. ಹತ್ತೊಂಬತ್ತು ಕುರಿ ಸಾಯೋತನಕ ನಾ ಒಬ್ಬಾಕೀನ ನೋಡಿದ್ದು ಸಾಕು.”

ಓಬಳೇಶಪ್ಪ ತಮ್ಮನ ಮುಖ ನೋಡಿದ. ಮಾರಣ್ಣ ಮೆಲ್ಲಗೆ ಅಂಗಿಯ ತೋಳು ಮಡಚಿ ಬುಟ್ಟಿಯ ಮುಂದೆ ಕೂತು, ಕರುಳನ್ನು ಹಿಂದೆ ಮುಂದೆ ತಿರುಗಿಸಿ, “ಯಾವ ಕಡಿಂದ ಸುರು ಮಾಡ್ಬೇಕ?” ಎಂದು ಕೇಳಿದ.

ಮಾಳಮ್ಮ ಕೈ ತೊಳೆದು, ಗಂಡಸರ ಮೊದಲ ಪಂಕ್ತಿಯಲ್ಲಿ, ಡಾಕ್ಟರ ಪಕ್ಕದಲ್ಲೇ ಊಟಕ್ಕೆ ಕೂತಳು.