ಯಾರೂ ಹೇಳಿಕೊಡಬ್ಯಾಡ್ರಿ

ಅಕ್ಕೋರ ಎಡತೋಳಿನ ಮೇಲೆ ಅಂಗೈಯಗಲದ ನೀಲಿ ಕಲೆಯಿತ್ತು. ಅದರ ಅಂಚು ಹಳದಿಗೆ ತಿರುಗಿತ್ತು. ಪಕ್ಕದ ಊರು ಕಲ್ಯಾಣದಲ್ಲಿದ್ದ ಸಭೆಗೆ ಹೊರಟಾಗ, ಸೆರಗು ಹೊದ್ದುಕೊಳ್ಳಿ ಎಂದೆ. "ಯಾಕ ಮುಚ್ಚಲಿ? ನಾ ಏನ ಕಳವು ಮಾಡೀನೇನು?" ಎಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಧಾರವಾಡದ ಕಡೆಯವರು, ಮುಂಬೈ ಹತ್ತಿರದ ಡೊಂಬಿವಲಿಯ ಶಾಲೆಯಲ್ಲಿ ನಮಗೆ ಕನ್ನಡ ಕಲಿಸಿದವರು. ಅವರ ಕಡೆ ಶಿಕ್ಷಕಿಯನ್ನು ಕರೆಯುವಂತೆ ನಾವೂ ಅಕ್ಕೋರು ಎನ್ನುತ್ತಿದ್ದೆವು. ಮನೆಯಲ್ಲಿ ತುಳು, ಗಲ್ಲಿಯಲ್ಲಿ ಮರಾಠಿ ಆಡುತ್ತಿದ್ದ ನನಗೆ ಕನ್ನಡದ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಹಿಂದಿನ ಬೆಂಚಿನಿಂದ ಯಾರಾದರೂ ಪಿಸುಗುಟ್ಟಿದರೆ ಅಕ್ಕೋರು ಮೇಜು ಬಡಿಯುತ್ತಿದ್ದರು. "ಯಾರೂ ಹೇಳಿಕೊಡಬ್ಯಾಡ್ರಿ. ಆಕಿ ಹುಡುಕ್ಲಿ." ಆಮೇಲೆ ಕಿಟಕಿಯಾಚೆ ಲೋಕಲ್ ರೈಲು ಹೋಗುವುದನ್ನು ನೋಡುತ್ತಾ, ಅವಸರವೇ ಇಲ್ಲದವರಂತೆ ನಿಲ್ಲುತ್ತಿದ್ದರು. ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಕೆಂಡದಂಥ ಸಿಟ್ಟು. ಪದ ಸಿಕ್ಕಿದ ಮೇಲೆ ಮಾತ್ರ ಅದು ನನ್ನದೇ ಅನಿಸುತ್ತಿತ್ತು.

ನಿವೃತ್ತಿಯ ನಂತರ ಪದಗಳು ಅವರಿಗೇ ಕೈಕೊಡತೊಡಗಿದವು. ತೋರುಬೆರಳನ್ನು ಗಾಳಿಯಲ್ಲಿ ಎತ್ತಿ ಹುಡುಕುತ್ತಿದ್ದರು. ಮರೆವಿನ ಕಾಯಿಲೆಯ ಆರಂಭ ಎಂದರು ವೈದ್ಯರು. ಸುದ್ದಿ ತಿಳಿದು ನನ್ನ ತರಗತಿಯವನೇ ಒಬ್ಬ ಡಬ್ಬಿ ಹಿಡಿದು ಬಂದ. ಮಿದುಳಿಗೆ ಬಲ ಕೊಡುವ ಗಿಡಮೂಲಿಕೆ ಮಾತ್ರೆ ಮಾರುತ್ತಿದ್ದ. "ಟೆನ್ಶನ್ ತಗೋಬೇಡ್ರಿ ಅಕ್ಕೋರೇ. ಎಲ್ಲಾ ನ್ಯಾಚುರಲ್. ಸೈಡ್ ಇಫೆಕ್ಟ್ ಝೀರೋ."

ಅಕ್ಕೋರು ಹೃದಯದ ಕವಾಟದ ಆಪರೇಷನ್ ಆದವರು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಅವರು ತಪ್ಪಿಸುವಂತಿರಲಿಲ್ಲ. ಅವನು ಅದನ್ನು ಕೇಳಲೂ ಇಲ್ಲ. ಅವನ ಮಾತ್ರೆ ಶುರುವಾದ ಮೇಲೆ ಹಲ್ಲುಜ್ಜಿದರೆ ರಕ್ತ, ಮೇಜು ತಾಗಿದರೆ ಕಲೆ. ಡಬ್ಬಿ ನೋಡಿದ ವೈದ್ಯರು, ಬ್ರಾಹ್ಮಿಯ ಜೊತೆ ಗಿಂಕೋ ಎಂಬ ಮರದ ಎಲೆಯ ಸಾರವೂ ಇದೆ, ನಿಮ್ಮ ಮಾತ್ರೆಯೊಂದಿಗೆ ಅದು ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ ಎಂದು ಅವನ ಮಾತ್ರೆಯನ್ನು ಅಂದೇ ನಿಲ್ಲಿಸಿದರು. ಬ್ರಾಹ್ಮಿಯಿಂದ ಕೆಲವರ ನೆನಪಿಗೆ ಅಷ್ಟಿಷ್ಟು ಸಹಾಯವಾಗಬಹುದು, ಆದರೆ ಅದು ಈ ಕಾಯಿಲೆಯನ್ನು ತಡೆಯುತ್ತದೆ ಎನ್ನಲು ಆಧಾರವಿಲ್ಲ ಎಂದೂ ಹೇಳಿದರು. ಒಂದೆಲಗದ ತಂಬುಳಿ ಉಂಡು ಬೆಳೆದವಳು ನಾನು, ಸೊಪ್ಪಿನ ಮೇಲೆ ನನಗೆ ಮುನಿಸಿಲ್ಲ. ಏನನ್ನೂ ವಿಚಾರಿಸದೆ ಹೇಳಿದ ಆ "ಝೀರೋ" ನೆನೆದರೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ.

ಮಾತ್ರೆ ನಿಲ್ಲಿಸಿದ್ದು ಅವನಿಗೆ ಗೊತ್ತಿರಲಿಲ್ಲ. ಕಲ್ಯಾಣದಲ್ಲಿ ಮಾರಾಟದ ಸಭೆ ಇಟ್ಟುಕೊಂಡು, ನಾಲ್ಕು ಮಾತು ಹೇಳಲು ಅಕ್ಕೋರನ್ನೇ ಕರೆದ. ಹೋಗುವುದು ಬೇಡ ಎಂದು ನಾನು ಜಗಳ ಮಾಡಿದೆ. "ಕರದಾನಲ್ಲ, ಹೋಗೋಣು. ಖರೇನ ಹೇಳ್ತೀನಿ," ಎಂದರು.

"ನಮ್ಮ ಅಕ್ಕೋರ ಮೆಮರಿ ವಾಪಸ್ ಬಂದಿದೆ!" ಎನ್ನುತ್ತಾ ಅವನು ಮೈಕ್ ಕೊಟ್ಟ.

"ಸುಳ್ಳು," ಎಂದರು ಅಕ್ಕೋರು. "ನನಗ ಮರವು ಆಗೇದ. ಇವನ ಹೆಸರ ಸುದ್ದಾ ನೆನಪಿಲ್ಲ. ಅದಕ್ಕ ನನಗೇನೂ ನಾಚಿಕಿಲ್ಲ." ತೋಳು ಎತ್ತಿ ಕಲೆ ತೋರಿಸಿದರು. "ಇದು ಆ ಗುಳಿಗಿ ತಗೊಂಡ ಮ್ಯಾಲೆ ಆದದ್ದು. ನೀವು ಯಾರರೆ ರಕ್ತ... ರಕ್ತ..."

ಬೆರಳು ಗಾಳಿಯಲ್ಲಿ ನಿಂತಿತು. ಮುಂದಿನ ಸಾಲಿನಲ್ಲಿ ಯಾರೋ "ರಕ್ತದೊತ್ತಡ?" ಎಂದರು. ಅವನು ಮೈಕಿಗೆ ಕೈ ಹಾಕಿದ. ನಾನು ಎದ್ದು ಕೂಗಿಬಿಟ್ಟೆ: "ಯಾರೂ ಹೇಳಿಕೊಡಬೇಡಿ! ಅವರೇ ಹುಡುಕಲಿ!"

ಅವನ ಕೈ ತಾನಾಗಿ ಹಿಂದೆ ಸರಿಯಿತು. ಅದೇ ತರಗತಿಯಲ್ಲಿ ಕೂತವನಲ್ಲವೇ. ಇಡೀ ಸಭೆ ಕಾಯಿತು.

"ತೆಳ್ಳಗ!" ಎಂದರು ಅಕ್ಕೋರು. "ರಕ್ತ ತೆಳ್ಳಗ ಮಾಡೋ ಗುಳಿಗಿ ತಗೋತಿದ್ರ, ಡಾಕ್ಟರನ್ನ ಕೇಳದ ಇದನ್ನ ಮುಟ್ಟಬ್ಯಾಡ್ರಿ."

ಡಬ್ಬಿ ಕೈಯಲ್ಲಿ ಹಿಡಿದಿದ್ದ ಹಿರಿಯರೊಬ್ಬರು ಅದನ್ನು ಮೇಜಿನ ಮೇಲೆ ವಾಪಸ್ ಇಟ್ಟರು.

ಹೋದ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು ನೋಡಲು ಹೋದಾಗ, ನನ್ನ ಮುಖ ನೋಡಿ ಬೆರಳು ಎತ್ತಿದರು. "ಆಯಿ, ಹೀ ತುಮಚೀ..." ಎಂದು ಅವರ ಸೊಸೆ ಮರಾಠಿಯಲ್ಲಿ ನನ್ನ ಹೆಸರು ಹೇಳಹೊರಟಳು. ನಾನು ತಡೆದೆ. ಮಂಚದ ಪಕ್ಕ ಕುಳಿತು, ಕಿಟಕಿಯಾಚೆ ಲೋಕಲ್ ಹೋಗುವುದನ್ನು ನೋಡುತ್ತಾ, ಅವಸರವೇ ಇಲ್ಲದವಳಂತೆ ಕಾದೆ. ನನ್ನ ಹೆಸರು ಅವರಿಗೆ ಸಿಗಲಿಲ್ಲ. ಆದರೂ ನಾನು ಎದ್ದು ಬರುವವರೆಗೆ ಅವರು ಆ ಬೆರಳನ್ನು ಕೆಳಗಿಳಿಸಲಿಲ್ಲ.