ಪ್ರೇಮಾವತಿ ಆರಿಸಿದ ಮೂರು ಹಾಡುಗಳು

ವರ್ಕಾಡಿಯ ಬೀಡಿ ಬ್ರಾಂಚು 2025ನೆಯ ಇಸವಿ ಅಕ್ಟೋಬರ್ 31ರ ಶುಕ್ರವಾರ ಮುಚ್ಚಿತು. ಅಲ್ಲಿಗೆ ನಲವತ್ತೊಂದು ವರ್ಷ ಬೀಡಿ ಕಟ್ಟಿ ಕೊಟ್ಟಿದ್ದ ಪ್ರೇಮಾವತಿಯವರಿಗೆ ಮರುವಾರವೇ ಇನ್ನೊಂದು ಕೆಲಸ ಬಂತು. ನವೆಂಬರ್ 23ರ ಭಾನುವಾರ ನಡೆಯಲಿದ್ದ ವಿದಾಯ ಕೂಟದಲ್ಲಿ ಕೇಳಿಸುವುದಕ್ಕಾಗಿ ಒಂದು ಇಂಗ್ಲಿಷ್ ರಾಕ್ ತಂಡದ ಆಲ್ಬಮ್‌ಗಳಲ್ಲಿ ಅತ್ಯುತ್ತಮವಾದುದನ್ನೂ ಅದರಿಂದ ಮೂರು ಹಾಡುಗಳನ್ನೂ ಅವರು ಆರಿಸಿಕೊಡಬೇಕಿತ್ತು. ಕೂಟದ ಸಮಿತಿಗೆ ನಿವೃತ್ತ ಶಾಲಾ ಮಾಸ್ತರನಾದ ನಾನು ಅಧ್ಯಕ್ಷ; ವಯಸ್ಸಿನ ಕಾರಣದಿಂದ ದೊರೆತ ಪದವಿ, ಬೇರೆ ಅರ್ಹತೆಯಿಂದಲ್ಲ. ಹೀಗಾಗಿ ನಡೆದುದೆಲ್ಲವನ್ನೂ ಹತ್ತಿರದಿಂದ ಕಂಡೆ.

ಪ್ರೇಮಾವತಿ ಹುಟ್ಟಿದ್ದು 1964ರ ಜೂನ್ 9ರಂದು. ಏಳನೆಯ ತರಗತಿಯವರೆಗೆ ಕನ್ನಡ ಶಾಲೆ. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ಅಣ್ಣ ಲೋಕಯ್ಯನ ಮನೆಗೆ ಬಂದು 1984ರಲ್ಲಿ ಬೀಡಿ ಕಟ್ಟಲು ಕುಳಿತರು. ಬ್ರಾಂಚಿನಿಂದ ಎಲೆ ಮತ್ತು ಹೊಗೆಸೊಪ್ಪಿನ ಹುಡಿ ತಂದು, ಮನೆಯಲ್ಲಿ ಕಟ್ಟಿ, ಲೆಕ್ಕದ ದಿನ ಒಯ್ದು ಕೊಡುವುದು ಇಲ್ಲಿಯ ಪದ್ಧತಿ. ಒಬ್ಬೊಬ್ಬರೇ ಕುಳಿತರೆ ಬೇಸರವೆಂದು ನೆರೆಯ ಆರು ಹೆಂಗಸರು ಮಧ್ಯಾಹ್ನದ ಊಟ ಮುಗಿಸಿ ಲೋಕಯ್ಯನ ಜಗಲಿಗೆ ಬರುತ್ತಿದ್ದರು. ಎಲ್ಲರಿಗಿಂತ ಹಿರಿಯರು ಕಮಲಕ್ಕ. ಎಲೆಯನ್ನು ಅಳತೆಗೆ ಕತ್ತರಿಸುವುದು, ಸುರುಟುವುದು, ನೂಲು ಸುತ್ತುವುದು, ಮೂರನ್ನೂ ಪ್ರೇಮಾವತಿಗೆ ಕಲಿಸಿದವರು ಅವರೇ.

ಲೋಕಯ್ಯ ಶಾರ್ಜಾದ ಬೇಕರಿಯೊಂದರಲ್ಲಿ ದುಡಿಯುತ್ತಿದ್ದರು. 1986ರ ಏಪ್ರಿಲ್ 12ರಂದು, ಬಿಸು ಹಬ್ಬಕ್ಕೆ ಮುಂಚೆ, ರಜೆಯಲ್ಲಿ ಬಂದಾಗ ಒಂದು ಟೇಪ್ ರೆಕಾರ್ಡರನ್ನೂ ನಾಲ್ಕು ಕ್ಯಾಸೆಟ್ಟುಗಳನ್ನೂ ತಂದರು. ಹಿಂದಿ ಹಾಡು ಬೇಕೆಂದು ತಂಗಿ ಬರೆದಿದ್ದರು. ಆದರೆ ಕೋಣೆಯ ಸಂಗಾತಿಯಲ್ಲಿದ್ದುದು ಐರನ್ ಫೆರಿ ಎಂಬ ತಂಡದ ನಾಲ್ಕು ಆಲ್ಬಮ್‌ಗಳು ಮಾತ್ರ. ಅವನ್ನೇ ನಕಲು ಮಾಡಿಕೊಂಡು ಬಂದಿದ್ದರು. ಮೊದಲ ದಿನ ಕೇಳಿದ ಹೆಂಗಸರು ಯಂತ್ರ ಕೆಟ್ಟಿದೆಯೆಂದುಕೊಂಡರಂತೆ. ಆದರೆ ಆ ಸಂಜೆ ಎಣಿಸಿದಾಗ ಕಮಲಕ್ಕನ ತಡ್ಪೆಯಲ್ಲಿ, ಎಂದರೆ ಬೀಡಿ ಕಟ್ಟುವ ಮೊರದಲ್ಲಿ, ದಿನನಿತ್ಯಕ್ಕಿಂತ ನಾಲ್ಕು ಕಟ್ಟು ಹೆಚ್ಚು ಬೀಡಿ ಇತ್ತು. ಮರುದಿನವೂ ಅದೇ ಕ್ಯಾಸೆಟ್ಟು, ಅದೇ ಫಲ. ಅಲ್ಲಿಂದ 2009ರ ಮಳೆಗಾಲದಲ್ಲಿ ಯಂತ್ರ ಸಂಪೂರ್ಣ ನಿಂತುಹೋಗುವವರೆಗೆ, ಇಪ್ಪತ್ತಮೂರು ವರ್ಷ, ಆ ಜಗಲಿಯ ಬೀಡಿ ಆ ಹಾಡುಗಳಿಗೇ ಕಟ್ಟಿದ್ದು. ಇಂಗ್ಲಿಷಿನ ಒಂದು ಪದವೂ ತಿಳಿಯದ ಏಳು ಹೆಂಗಸರು ನಲವತ್ತು ಹಾಡುಗಳನ್ನು ಕ್ರಮ ತಪ್ಪದೆ ಬಲ್ಲವರಾಗಿದ್ದರು. ಹೆಸರುಗಳನ್ನು ತಾವೇ ಇಟ್ಟುಕೊಂಡಿದ್ದರು: ಬಸ್ಸು ಹೊರಡುವ ಸದ್ದಿನಿಂದ ಆರಂಭವಾಗುವುದು ಬಸ್ಸಿನ ಹಾಡು, ಡ್ರಮ್ಮಿನ ಮೂರು ಹೊಡೆತ ಮತ್ತೆ ಮತ್ತೆ ಬರುವುದು ಮೂರು ಪೆಟ್ಟಿನದ್ದು, ಹಾಡುಗಾರನ ಕೂಗು ಹುಂಜದಂತೆ ಏರುವುದು ಕೋಳಿ ಹಾಡು.

ಸಮಿತಿಯ ಕಾರ್ಯದರ್ಶಿ ಮನೀಶ್, ಊರ ಗ್ರಂಥಾಲಯದ ಯುವ ವಿಭಾಗದವನು, ಈ ಸಂಗತಿ ತಿಳಿದು ಬಹಳ ಉತ್ಸಾಹಗೊಂಡ. ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವುದು 12ರ ಬುಧವಾರ. ಅಷ್ಟರೊಳಗೆ ಹಾಡುಗಳ ನಿಜವಾದ ಹೆಸರು ಬೇಕೆಂದ. 9ರ ಭಾನುವಾರ ಮಧ್ಯಾಹ್ನ ಲೋಕಯ್ಯನ ಮಗ ವಿಜೇತ್, ಹೊಸಂಗಡಿಯ ವಿದ್ಯುತ್ ಸಾಮಗ್ರಿ ಅಂಗಡಿಯಲ್ಲಿ ಕೆಲಸ ಮಾಡುವವನು, ತನ್ನ ಫೋನಿನಲ್ಲಿ ಆ ತಂಡದ ಆಲ್ಬಮ್‌ಗಳನ್ನೆಲ್ಲ ಹುಡುಕಿ ತೆಗೆದು ಅತ್ತೆಯ ಮುಂದೆ ಕುಳಿತ; ನಾನೂ ಜೊತೆಗಿದ್ದೆ. ತುಳು ಮನೆಯ ರೂಢಿಯಂತೆ ಅವನು ಅವರನ್ನು ಮಾಮಿ ಎನ್ನುತ್ತಾನೆ.

ಮೊದಲ ಹಾಡು ಬಂತು. ಪ್ರೇಮಾವತಿ ತಲೆಯಲ್ಲಾಡಿಸಿದರು. ಎರಡನೆಯದು, ಮೂರನೆಯದು, ಬಸ್ಸಿನ ಹಾಡು ಕೂಡ. ಒಂದನ್ನೂ ಒಪ್ಪಲಿಲ್ಲ.

"ಇದೇ ಅಲ್ವಾ ಮಾಮಿ? ಬಸ್ಸಿನ ಸದ್ದು ಉಂಟು, ಎಲ್ಲ ಉಂಟು."

"ಹಾಡು ಅದೇ. ಆದರೆ ಹಾಡುವವನಿಗೆ ಜ್ವರ ಬಂದ ಹಾಗೆ ಉಂಟು. ಎದ್ದು ಕೂರ್ಲಿಕ್ಕೆ ಆಗುವುದಿಲ್ಲ."

ಇದು ಕಂಪೆನಿಯೇ ಹೊರಡಿಸಿದ ಮೂಲಪ್ರತಿ, ಇದಕ್ಕಿಂತ ಸರಿಯಾದುದು ಲೋಕದಲ್ಲಿಯೇ ಇಲ್ಲ ಎಂದು ವಿಜೇತ್ ವಿವರಿಸಿದ. ವಯಸ್ಸಾದಾಗ ಹೀಗೆ ಅನಿಸುವುದು ಸಹಜವೆಂದು ನಾನೂ ಸೇರಿಸಿದೆ. ಅವರು ನಮ್ಮಿಬ್ಬರನ್ನೂ ನೋಡಿ, ಒಳಗೆ ಹೋಗಿ, ಬಿಸ್ಕತ್ತಿನ ಡಬ್ಬದಲ್ಲಿದ್ದ ನಾಲ್ಕು ಕ್ಯಾಸೆಟ್ಟುಗಳನ್ನು ತಂದಿಟ್ಟರು. ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು.

ಮರುದಿನ ವಿಜೇತ್ ಉಪ್ಪಳದ ರಿಪೇರಿ ಅಂಗಡಿಯೊಂದರಿಂದ ಹಳೆಯ ಯಂತ್ರವನ್ನು ಎರವಲು ತಂದ. ಮೂರನೆಯ ಕ್ಯಾಸೆಟ್ಟಿನ ಬಸ್ಸಿನ ಹಾಡು ಆರಂಭದಿಂದ ಕೊನೆಯವರೆಗೆ ಒಮ್ಮೆ ಹಾಡಿತು. ಮುಂದಿನ ಹಾಡಿಗೆ ಟೇಪು ಯಂತ್ರಕ್ಕೆ ಸುತ್ತಿಕೊಂಡು ಹರಿಯಿತು. ಉಳಿದ ಮೂರು ತಿರುಗಲೇ ಇಲ್ಲ. ಆ ಒಂದು ಹಾಡಿಗೆ ನಾನು ಗಡಿಯಾರ ಹಿಡಿದಿದ್ದೆ: ನಾಲ್ಕು ನಿಮಿಷ ಎರಡು ಸೆಕೆಂಡು. ಫೋನಿನಲ್ಲಿ ಅದೇ ಹಾಡು ನಾಲ್ಕು ನಿಮಿಷ ಮೂವತ್ತೊಂದು ಸೆಕೆಂಡು. ಪ್ರೇಮಾವತಿ ಹೇಳಿದ್ದು ಸರಿಯಾಗಿತ್ತು. ಅವರ ಮುಂದೆ ನಾನು ವಯಸ್ಸಿನ ಮಾತನ್ನು ಆಡಿದ್ದು ತಪ್ಪಾಗಿತ್ತು.

ಒಳಗೆ ಮಲಗಿದ್ದ ಲೋಕಯ್ಯ ಈ ಗದ್ದಲಕ್ಕೆ ಹೊರಗೆ ಬಂದು, ವಿಷಯ ಕೇಳಿ, ನಿರಾಯಾಸವಾಗಿ ಉತ್ತರ ಕೊಟ್ಟರು.

"ಶಾರ್ಜಾದ ಆ ರೂಮಿನಲ್ಲಿ ಆರು ಜನ, ಪ್ಲಗ್ಗು ಒಂದೇ. ಕ್ಯಾಸೆಟ್ಟು ಕೊಟ್ಟವನ ಟೇಪಿಗೆ ಕರೆಂಟು, ನನ್ನದಕ್ಕೆ ಸೆಲ್ಲು. ಸೆಲ್ಲು ಹಳತು."

ಸೆಲ್ಲು ಸೋತ ಯಂತ್ರ ನಿಧಾನವಾಗಿ ತಿರುಗುತ್ತ ಹಾಡನ್ನು ತುಂಬಿಕೊಂಡಿತ್ತು. ಊರಿಗೆ ಬಂದು ಕರೆಂಟಿಗೆ ಹಾಕಿದಾಗ ಸರಿಯಾದ ವೇಗದಲ್ಲಿ ತಿರುಗಿ, ಹಾಡನ್ನು ಅವಸರಗೊಳಿಸಿ, ಹಾಡುಗಾರನ ದನಿಯನ್ನೂ ಮೇಲಕ್ಕೇರಿಸಿ ಕೇಳಿಸಿತ್ತು.

"ಅಷ್ಟು ವರ್ಷ ನಮ್ಮನ್ನು ಓಡಿಸಿದ್ದು ನಿನ್ನ ಹಳೆ ಸೆಲ್ಲಾ ಅಣ್ಣ?" ಎಂದರು ಪ್ರೇಮಾವತಿ.

"ಓಡಿದ್ದು ನೀವು. ನಾನು ಓಡಿ ಅಂತ ಹೇಳಿದ್ದುಂಟಾ?"

11ರ ಮಂಗಳವಾರ ಮನೀಶ್ ಪಟ್ಟಿ ಕೇಳಲು ಬಂದ. ಆಲ್ಬಮ್ ಯಾವುದೆಂಬುದರಲ್ಲಿ ಪ್ರೇಮಾವತಿಗೆ ಸಂದೇಹವಿರಲಿಲ್ಲ: ಮೂರನೆಯದು. ಒಂದನೆಯದರಲ್ಲಿ ಹಾಡಿಗಿಂತ ಗಿಟಾರು ಹೆಚ್ಚು, ನೂಲು ತೊಡಕಾಗುತ್ತದೆ. ಎರಡನೆಯದು ಎಲೆ ಕತ್ತರಿಸುವುದಕ್ಕೆ ಮಾತ್ರ ಆಗುತ್ತದೆ. ನಾಲ್ಕನೆಯದನ್ನು ಮಳೆಗಾಲದಲ್ಲಿ ಕೇಳಿದರೆ ನಿದ್ರೆ ಬರುತ್ತದೆ. ಮೂರನೆಯದರಲ್ಲಿ ಒಂದು ಬೀಡಿಯನ್ನು ಮಡಚಿ ಮುಗಿಸುವಾಗ ಮುಂದಿನ ಎಲೆ ತಾನಾಗಿ ಕೈಗೆ ಬರುತ್ತದೆ. ತಮ್ಮ ತೀರ್ಪಿಗೆ ಅವರು ಕೊಟ್ಟ ಆಧಾರಗಳು ಇವು. ಸಂಗೀತದ ವಿಚಾರದಲ್ಲಿ ಇಷ್ಟು ಖಚಿತವಾದ ಆಧಾರ ಕೊಟ್ಟವರನ್ನು ನಾನು ಬೇರೆ ಕಂಡಿಲ್ಲ.

ಮನೀಶನಿಗೆ ಬೇಕಾಗಿದ್ದುದು ಬೇರೆ. ಆ ತಂಡದ ಅತಿ ಪ್ರಸಿದ್ಧ ಹಾಡು ನಾಲ್ಕನೆಯ ಆಲ್ಬಮಿನಲ್ಲಿತ್ತು. ಫೋನಿನ ಪಟ್ಟಿಗಳಲ್ಲೆಲ್ಲ ಅದಕ್ಕೇ ಮೊದಲ ಸ್ಥಾನ. ಆ ಹಾಡು ಬಂದಾಗ ಏಳು ಹೆಂಗಸರೂ ಟೇಪನ್ನು ಮುಂದೆ ಓಡಿಸುತ್ತಿದ್ದರೆಂದು ಪ್ರೇಮಾವತಿ ಹೇಳಿದರು. ನಡುವಿನಲ್ಲಿ ಅದು ಸುಮ್ಮನೆ ನಿಂತು ಮತ್ತೆ ಹೊರಡುತ್ತದೆ, ಕೈಯೂ ನಿಂತುಬಿಡುತ್ತದೆ.

"ಈಗ ಯಾರು ಬೀಡಿ ಕಟ್ಟುವುದು ಪ್ರೇಮಕ್ಕ?" ಎಂದ ಮನೀಶ್. "ಕೂತು ಕೇಳುವುದಲ್ವಾ? ಜನರಿಗೆ ಗೊತ್ತಿರುವುದನ್ನು ಹಾಕುವ."

ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಪ್ರೇಮಾವತಿ, ಕೂಟಕ್ಕೆ ಕಮಲಕ್ಕ ಬರುವರೇ ಎಂದಷ್ಟೇ ಕೇಳಿದರು. ಕಮಲಕ್ಕ 2017ರ ಮೇ ತಿಂಗಳಿನಿಂದ ವಿಟ್ಲದ ಹತ್ತಿರ ಮಗಳ ಮನೆಯಲ್ಲಿದ್ದಾರೆ, ಎಂಬತ್ತು ದಾಟಿದೆ. ಬರುತ್ತಾರೆಂದೂ ಸಂಜೆ 4.50ರ ಬಸ್ಸಿಗೆ ಮರಳಬೇಕೆಂದೂ ಮನೀಶ್ ಹೇಳಿದ.

"ಹಾಗಾದರೆ ಮೂರನೆಯದ್ದೇ. ಕಮಲಕ್ಕ ಒಮ್ಮೆ ಕೇಳಬೇಕು. ನಾವು ಕೇಳಿದ ಹಾಗೆಯೇ ಕೇಳಬೇಕು."

ಬಸ್ಸಿನ ಹಾಡು ಮತ್ತು ಮೂರು ಪೆಟ್ಟಿನದ್ದು ನಿಶ್ಚಯವಾದವು. ಮೂರನೆಯ ಹಾಡಿಗೆ ಎರಡು ದಿನ ಹಿಡಿಯಿತು. ಪ್ರೇಮಾವತಿಗೆ ತೀರ ಮೆಚ್ಚಿನದು ಆ ಆಲ್ಬಮಿನ ಕೊನೆಯ ಹಾಡು. ಗಂಡ ತೀರಿಹೋದ ದುಃಖ ಇನ್ನೂ ಆರದಿದ್ದ ದಿನಗಳಲ್ಲಿ ಅದು ಬರುವುದನ್ನೇ ಕಾಯುತ್ತಿದ್ದರಂತೆ. ಕಮಲಕ್ಕನ ಮೆಚ್ಚಿನದು ಕೋಳಿ ಹಾಡು. ಇರುವ ಅವಕಾಶ ಹದಿನೈದು ನಿಮಿಷ. ಕೊನೆಗೆ ಪ್ರೇಮಾವತಿ ತಮ್ಮದನ್ನು ಬಿಟ್ಟು ಕೋಳಿ ಹಾಡನ್ನು ಬರೆಸಿದರು. ಅಷ್ಟರಲ್ಲಿ ಬುಧವಾರ ಕಳೆದು, ಆಮಂತ್ರಣದಲ್ಲಿ "ಸಂಗೀತ" ಎಂಬ ಒಂದೇ ಪದ ಅಚ್ಚಾಗಿತ್ತು.

ವೇಗದ ತೊಡಕು ಹಾಗೆಯೇ ಉಳಿದಿತ್ತು. ಫೋನಿನಲ್ಲಿ ಹಾಡನ್ನು ವೇಗವಾಗಿ ಓಡಿಸುವ ಅನುಕೂಲವಿದೆಯೆಂದು ವಿಜೇತ್ ಹಾಗೆ ಮಾಡಿ ಕೇಳಿಸಿದ. ಪ್ರೇಮಾವತಿಯ ಬೆರಳುಗಳು ಮಡಿಲಲ್ಲಿ ಕೆಲವು ಕ್ಷಣ ಆಡಿ ನಿಂತವು.

"ಕೈಗೆ ಸರಿ ಉಂಟು. ಗಂಟಲು ಬೇರೆ ಯಾರದ್ದೋ."

ಫೋನು ವೇಗವನ್ನು ಮಾತ್ರ ಹೆಚ್ಚಿಸಿ, ದನಿಯನ್ನು ಮೊದಲಿದ್ದಲ್ಲೇ ಹಿಡಿದಿಡುತ್ತದೆಯಂತೆ. ವಿಜೇತನಿಗೂ ಸಾಕಾಗಿತ್ತು, ಇಡೀ ಜಿಲ್ಲೆಯಲ್ಲಿ ಇಷ್ಟು ಹಟದ ಮಾಮಿ ಬೇರೆಯವರಿಗಿಲ್ಲ ಎಂದ. ಆದರೂ 20ರ ಗುರುವಾರ ರಜೆ ಹಾಕಿ ಮಂಗಳೂರಿನ ರೆಕಾರ್ಡಿಂಗ್ ಸ್ಟುಡಿಯೋ ಒಂದಕ್ಕೆ ಹೋಗಿ, ವೇಗವನ್ನೂ ದನಿಯನ್ನೂ ಒಟ್ಟಿಗೆ ಏರಿಸಿದ ಮೂರು ಹಾಡುಗಳನ್ನು ಪೆನ್‌ಡ್ರೈವಿನಲ್ಲಿ ತಂದ. ಪ್ರೇಮಾವತಿ ಮೂರನ್ನೂ ಕೇಳಿದರು. ಇನ್ನೊಮ್ಮೆ ಹಾಕಲು ಹೇಳಿದರು. ಬಳಿಕ ಆ ಪೆನ್‌ಡ್ರೈವನ್ನು ಬೇರೆ ಯಾರ ಕೈಗೂ ಕೊಡಬೇಡವೆಂದರು.

23ರಂದು ಕೂಟ 2.30ಕ್ಕೆ ಆರಂಭವಾಗಬೇಕಿತ್ತು. ಮುಖ್ಯ ಅತಿಥಿಗಳು ತಡವಾದುದರಿಂದ 3.05 ಆಯಿತು. ಸ್ವಾಗತ ಭಾಷಣ, ಅತಿಥಿಗಳ ಮೂವತ್ತು ನಿಮಿಷದ ಉಪನ್ಯಾಸ, ಮೂವತ್ತೊಂದು ಹೆಂಗಸರಿಗೆ ಒಬ್ಬೊಬ್ಬರಾಗಿ ಶಾಲು. ಅನಂತರ ಅಧ್ಯಕ್ಷ ಭಾಷಣ. ಬ್ರಾಂಚು ಆರಂಭವಾದ 1958ರ ಆಗಸ್ಟ್ 4ರಿಂದ ತೊಡಗಿ, ಕಟ್ಟಡ ಬದಲಾದ ವರ್ಷ, ಕೂಲಿ ಏರಿದ ವರ್ಷಗಳು, ಮುಷ್ಕರಗಳ ದಿನಾಂಕ, ಒಂದನ್ನೂ ಬಿಡದೆ ಹೇಳಿದೆ. ಎದುರಿನ ಸಾಲಿನಿಂದ ಪ್ರೇಮಾವತಿ ಎರಡು ಬಾರಿ ನನ್ನನ್ನೇ ದಿಟ್ಟಿಸಿ ನೋಡಿದರು. ಗಮನವಿಟ್ಟು ಕೇಳುತ್ತಿದ್ದಾರೆಂದು ಭಾವಿಸಿ 1980ರ ದಶಕವನ್ನು ಇನ್ನಷ್ಟು ವಿಸ್ತರಿಸಿದೆ. ನಾನು ಕುಳಿತಾಗ 4.43. ಇಪ್ಪತ್ತೆರಡು ನಿಮಿಷ ಮಾತನಾಡಿದ್ದೆ.

ಮೂರನೆಯ ಸಾಲಿನಲ್ಲಿ ಕಮಲಕ್ಕ ಶಾಲು ಮಡಚಿ ಚೀಲದಲ್ಲಿಟ್ಟು ಆಗಲೇ ಎದ್ದಿದ್ದರು. ಭಾನುವಾರ, 4.50ರ ನಂತರ ಬಸ್ಸಿಲ್ಲ. ಪ್ರೇಮಾವತಿ ಗೇಟಿನವರೆಗೂ ಓಡಿದರು. ಐದು ನಿಮಿಷ ನಿಲ್ಲಿ ಎಂದರಂತೆ. ಐದು ನಿಮಿಷ ನಿಂತರೆ ರಾತ್ರಿ ನಿನ್ನ ಜಗಲಿಯಲ್ಲೇ ಮಲಗಬೇಕು ಮಾರಾಯ್ತಿ, ಮಗಳು ಹೆದರುತ್ತಾಳೆ ಎಂದು ಕಮಲಕ್ಕ ನಕ್ಕು ಹೊರಟರಂತೆ.

4.55ಕ್ಕೆ ಮನೀಶ್ ಸಂಗೀತವನ್ನು ಘೋಷಿಸಿದ. ಧ್ವನಿವರ್ಧಕದವನು ತನ್ನ ಫೋನಿನಿಂದ ಆ ಪ್ರಸಿದ್ಧ ಹಾಡನ್ನೇ ಹಾಕಿಬಿಟ್ಟ. ಅದು ನಡುವಿನಲ್ಲಿ ನಿಂತಾಗ, ಮುಗಿಯಿತೆಂದುಕೊಂಡು ಸಭೆ ಚಪ್ಪಾಳೆ ತಟ್ಟಿತು. ವಿಜೇತ್ ಓಡಿಹೋಗಿ ಪೆನ್‌ಡ್ರೈವ್ ಸಿಕ್ಕಿಸಿದ. ಬಸ್ಸಿನ ಹಾಡು ಬಂತು, ಜಗಲಿಯಲ್ಲಿ ಬರುತ್ತಿದ್ದ ಹಾಗೆಯೇ, ಅವಸರದ ತೆಳು ದನಿಯಲ್ಲಿ. ಏಳು ಜನರ ಪೈಕಿ ಅಲ್ಲಿ ಉಳಿದಿದ್ದ ಮೂವರು ಥಟ್ಟನೆ ಒಬ್ಬರನ್ನೊಬ್ಬರು ನೋಡಿಕೊಂಡರು. ಪ್ರೇಮಾವತಿ ಗೇಟಿನಿಂದ ಬಂದು ವೇದಿಕೆಯ ಬದಿಯಲ್ಲಿ ನಿಂತು, ಒಂದು ನಿಮಿಷವೂ ಆಗಿರಲಿಲ್ಲ, ನಿಲ್ಲಿಸು ಎಂದರು.

"ಸರಿಯಾಗಿಯೇ ಬರ್ತಾ ಉಂಟಲ್ಲ ಪ್ರೇಮಕ್ಕ?" ಎಂದ ಮನೀಶ್.

"ಸರಿಯಾಗಿಯೇ ಉಂಟು. ಅದಕ್ಕೇ ನಿಲ್ಲಿಸು ಹೇಳಿದ್ದು."

ವಂದನಾರ್ಪಣೆಯೊಂದಿಗೆ ಕೂಟ 5.10ಕ್ಕೆ ಮುಗಿಯಿತು.

ಮರುದಿನ ಬೆಳಿಗ್ಗೆ ಕ್ಷಮೆ ಕೇಳಲು ಹೋದೆ. ಪ್ರೇಮಾವತಿ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದರು. ಕುಳಿತುಕೊಳ್ಳಿ ಎಂದು ಹೇಳಲಿಲ್ಲ.

"ಬ್ರಾಂಚು ಯಾವಾಗ ಶುರುವಾದದ್ದು ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು ಮಾಸ್ಟ್ರೇ," ಎಂದರು.

ಹಾಡುಗಳನ್ನು ಕಮಲಕ್ಕನ ಮಗಳ ಫೋನಿಗೆ ವಿಜೇತ್ ಕಳಿಸಬಹುದಲ್ಲ, ಮನೆಯಲ್ಲೇ ಆರಾಮವಾಗಿ ಕೇಳುತ್ತಾರೆ ಎಂದೆ. ಅವನು ರಾತ್ರಿಯೇ ಕಳಿಸಿಯಾಯಿತು, ಕೇಳಿಯೂ ಆಯಿತಂತೆ, ಚೆಂದ ಉಂಟು ಎಂದು ಕಮಲಕ್ಕ ಹೇಳಿ ಕಳಿಸಿದ್ದಾರಂತೆ. ಕೊಡವಿದ ಸೀರೆಯನ್ನು ಹಗ್ಗದ ಮೇಲೆ ಎಳೆದು ನೇರ ಮಾಡುತ್ತ, ನನ್ನ ಕಡೆ ತಿರುಗದೆಯೇ, ಪ್ರೇಮಾವತಿ ಹೇಳಿದರು:

"ಕೇಳಿದ್ದು ಸರಿ. ಕೇಳುವಾಗ ನಾನು ಅವರ ಕೈ ನೋಡಬೇಕಿತ್ತು."