ನೀರಿನಿಂದ ಆಳೆತ್ತರದಲ್ಲಿ

ಹಾರಾಟ ಕಲಿಯುವಾಗಲೇ ಅವಳಿಗೆ ‘ಕೋಸಿನಕ್ಕ’ ಎಂಬ ಹೆಸರು ಅಂಟಿಕೊಂಡಿತು. ಮೊದಲ ಸಲ ಒಬ್ಬಳೇ ವಿಮಾನ ಇಳಿಸಲು ಬಂದಾಗ ವೇಗ ತುಸು ಹೆಚ್ಚಾಗಿತ್ತು. ನೆಲ ಇನ್ನೇನು ಸಿಕ್ಕಿತು ಅನ್ನುವಷ್ಟರಲ್ಲಿ ವಿಮಾನ ಕೂರಲೊಲ್ಲೆನೆಂದು ತೇಲಿತು, ತೇಲಿತು, ರನ್‌ವೇ ದಾಟಿ ಎಲೆಕೋಸಿನ ಹೊಲದಲ್ಲಿ ಹೋಗಿ ಕೂತಿತು.

ಕಲಿಸುತ್ತಿದ್ದ ಮುದುಕ ಮುಂಗೋಪಿ. ಆದರೂ ಅಂದು ಬೈಯಲಿಲ್ಲ. ಚಕ್ರಕ್ಕೆ ಸಿಕ್ಕಿದ್ದ ಕೋಸು ಕೀಳುತ್ತ ಹೇಳಿದ: “ರೆಕ್ಕೆ ತುದೀಲಿ ಗಾಳಿ ಸುಳಿ ಸುತ್ತುತ್ತೆ, ವಿಮಾನನ ಹಿಂದಕ್ಕೆ ಎಳೆಯುತ್ತೆ. ನೆಲದ ಹತ್ರ ಆ ಸುಳಿಗೆ ತಿರುಗೋಕೆ ಜಾಗ ಸಾಲಲ್ಲ. ಎಳೆತ ಕಮ್ಮಿ, ಎತ್ತೋ ಬಲ ಜಾಸ್ತಿ. ಅದಕ್ಕೇ ತೇಲಿದೆ, ತಿಳೀತಾ?”

ಮುಂದೆ ದೊಡ್ಡ ಸರೋವರದಾಚೆಗೆ ಟಪಾಲು, ಔಷಧಿ ಸಾಗಿಸುವ ಕೆಲಸ ಸಿಕ್ಕಿತು. “ಗಾಳೀಲಿ ಅಲೆಯೋಕೆ ಸಂಬಳ ಬೇರೆ ಕೊಡ್ತಾರಾ?” ಎಂದು ಅವಳ ಅಕ್ಕ ನಗುತ್ತಿದ್ದಳು.

ಒಂದು ಮಧ್ಯಾಹ್ನ ಅಕ್ಕನ ಗಂಡ ಜೊತೆಗೆ ಹೊರಟರು. ಹಲ್ಲಿನ ಡಾಕ್ಟರು, ಮಾತಿನ ಮಲ್ಲ. ನಡುನೀರಿನ ಮೇಲೆ ಎಂಜಿನ್ ಕೆಮ್ಮಿತು, ಗಡಗಡ ನಡುಗಿತು, ಅರ್ಧ ಬಲ ಕಳೆದುಕೊಂಡಿತು. ವಿಮಾನ ಮೆಲ್ಲಗೆ ಕುಸಿಯತೊಡಗಿತು. ದಡ ಇನ್ನೂ ಕಣ್ಣಿಗೆ ಗೆರೆಯಷ್ಟೇ.

ಅವಳು ವಿಮಾನದ ಮೂತಿಯನ್ನು ಕೆಳಕ್ಕೆ ತಿರುಗಿಸಿದಳು.

“ಅಯ್ಯೋ, ಮೇಲಕ್ಕೆ ಎತ್ತಮ್ಮಾ! ಕೆಳಗೆ ನೀರು ಕಣೇ!”

“ಎತ್ತಿದ್ರೆ ವೇಗ ಹೋಗಿ ಬಿದ್ದೇ ಬಿಡ್ತೀವಿ ಭಾವ. ಕೆಳಗೆ ಹೋದ್ರೆ ಗಾಳಿನೇ ಹೊರುತ್ತೆ. ಸುಮ್ನೆ ಕೂತ್ಕೊಳ್ಳಿ.”

ನೀರಿನಿಂದ ಆಳೆತ್ತರಕ್ಕೆ ಬಂದಾಗ ಕುಸಿತ ನಿಂತಿತು. ಅರ್ಧ ಎಂಜಿನ್ನೇ ಸಾಕಾಯಿತು. ಎದುರಿಗೆ ಮೀನಿನ ದೋಣಿಯೊಂದು ಬಂತು. ವಿಮಾನ ವಾಲಿಸಿದರೆ ರೆಕ್ಕೆ ನೀರಿಗೆ ಬಡಿಯುತ್ತದೆ. ವಾಲದಂತೆ ಹಿಡಿದು, ಕಾಲಿನ ಪೆಡಲ್ ಒತ್ತಿ ಕೂದಲೆಳೆಯಷ್ಟೇ ಪಕ್ಕಕ್ಕೆ ಸರಿಸಿದಳು. ಮೀನುಗಾರ ಬಲೆಯ ಮೇಲೆ ಬೋರಲು ಬಿದ್ದ. ಭಾವ ನೀರು ತಾಗೀತೆಂದು ಎರಡೂ ಕಾಲನ್ನು ಸೀಟಿನ ಮೇಲೆ ಎತ್ತಿಕೊಂಡರು.

ಕೊನೆಗೆ ದಡದ ಮರಳು ಸಿಕ್ಕಿತು. ಚಕ್ರ ಹೂತು, ವಿಮಾನ ಮುಗ್ಗರಿಸಿ, ಪ್ರೊಪೆಲರ್ ಬಾಗಿತು. ಇಬ್ಬರಿಗೂ ಗೀರು ಗಾಯವಿಲ್ಲ.

ಭಾವ ಈ ಕತೆಯನ್ನು ಬಾಯಿ ತೆರೆದು ಮಲಗಿದ ರೋಗಿಗಳಿಗೆಲ್ಲ ಹೇಳಿದರು. ಪಾಪ, ಅವರು ಎದುರಾಡುವಂತಿಲ್ಲ. ಹೇಳುತ್ತ ಹೇಳುತ್ತ ದೋಣಿ ಹಡಗಾಯಿತು. ಅವಳ ಧೈರ್ಯವನ್ನು ಊರೇ ಹೊಗಳಿತು. ಅವಳೋ ಹೊಗಳುವವರನ್ನು ಕಂಡರೆ ದಾರಿ ಬದಲಿಸುತ್ತಿದ್ದಳು.

“ಧೈರ್ಯ ಅಲ್ಲಕ್ಕ,” ಎಂದಳು ಒಂದು ಸಂಜೆ. “ಮೈಯೆಲ್ಲ ಮೇಲಕ್ಕೆ ಎಳೆ, ಎಳೆ ಅಂತಿತ್ತು. ನನ್ನ ಕೈಯನ್ನ ನಾನೇ ಹಿಡ್ಕೋಬೇಕಾಯ್ತು. ಒಂದು ಗಳಿಗೆ ಬಿಟ್ಟಿದ್ರೂ ಭಾವನ್ನ ನಾನೇ ಕೊಂದಿರ್ತಿದ್ದೆ.”

ಅಕ್ಕನಿಗೆ ಗಾಳಿಯ ಲೆಕ್ಕ ತಿಳಿಯದು. ತಂಗಿಯ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು: “ಮತ್ತೆ ಹೋಗ್ತೀಯಾ?”

“ಗೊತ್ತಿಲ್ಲ.”

ಹೊಸ ಎಂಜಿನ್ ಬಂದ ಮೇಲೆ ಹೋದಳು. ಮೊದಲ ದಿನ ಅಗತ್ಯಕ್ಕಿಂತ ಎತ್ತರದಲ್ಲೇ ಹಾರಿದಳು. ಆಮೇಲೆ ಮೆಲ್ಲಗೆ ಭಯ ಇಳಿಯಿತು. ಎಷ್ಟೋ ವರ್ಷ ಅದೇ ದಾರಿಯಲ್ಲಿ ಟಪಾಲು ಒಯ್ದಳು. ಭಾವ ಮಾತ್ರ ಇಡೀ ದಿನ ಹಿಡಿದರೂ ದೋಣಿಯಲ್ಲೇ ಹೋಗುತ್ತಿದ್ದರು. ತಲೆ ಮೇಲೆ ಸದ್ದು ಕೇಳಿದರೆ ಸಾಕು, ಎದ್ದು ನಿಂತು ಪಕ್ಕದವರನ್ನು ತಿವಿಯುತ್ತಿದ್ದರು: “ನೋಡ್ರೀ, ನಮ್ಮ ನಾದಿನಿ!”